ವಿಮಾನ ನೋಡುವ ಹುಚ್ಚು

ಕಳೆದ ಆಷಾಢದಲ್ಲಿ ಒಂದು ರಾತ್ರಿ ಬೆಂಗಳೂರಿನಿಂದ ನಮ್ಮ ಮಗಳು ಫೋನಿನಲ್ಲಿ ಮಾತಾಡುತ್ತ, “ಅಪ್ಪಾ, ನಿಮ್ಮ ಮೊಮ್ಮಗನಿಗೆ ವಿಮಾನದ ಹುಚ್ಚು ಹಿಡಿದಿದೆ, ನೀವೇ ಬಂದು ಬುದ್ಧಿ ಹೇಳಬೇಕು” ಎಂದಳು. ವಿಮಾನದಲ್ಲಿ ಕೂಡ್ರುವ ಹುಚ್ಚೆಂದು ನಾವು ಮೊದಲು ತಿಳಿದೆವು. ಅದು ಕೈಯಲ್ಲಿ ಹಣವಿಲ್ಲದವರಿಗೆ ತಾನಾಗಿಯೇ ಇಳಿಯುವಂಥದು. ಆದರೆ ಇದು ಬೇರೆ. ಹುಡುಗನಿಗೆ ವಿಮಾನವನ್ನೇರುವ ಹಟವಿಲ್ಲ. ರವಿವಾರ ಬೆಳಗಾಗುವದರೊಳಗೆ ಎದ್ದು, ಯಾರಿಂದಲೋ ಅಗ್ಗಕ್ಕೆ ಕೊಂಡ ಹಳೆಯ ಕ್ಯಾಮೆರಾವೊಂದನ್ನು ಹೆಗಲಿಗೆ ಹಾಕಿಕೊಂಡು, ಬಸ್ಸು ಹಿಡಿದು ದೇವನಹಳ್ಳಿಯ ಕಡೆಗೆ ಹೋಗಿ, ಅಲ್ಲಿಯ ವಿಮಾನನಿಲ್ದಾಣದ ಗೋಡೆಯ ಹೊರಗೆ ನಿಂತು, ಏರುವ ಇಳಿಯುವ ವಿಮಾನಗಳ ಚಿತ್ರ ತೆಗೆದು, ಅವುಗಳ ಮೈಮೇಲೆ ಬರೆದ ಅಕ್ಷರಗಳನ್ನು ವಹಿಯಲ್ಲಿ ಬರೆದುಕೊಂಡು, ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವನಂತೆ. ಪಿ.ಯು. ಮೊದಲನೆಯ ವರ್ಷ, ರಸಾಯನಶಾಸ್ತ್ರದಲ್ಲಿ ಅಂಕಗಳು ಇಳಿದಿವೆ. ಅದಕ್ಕಿಂತ ಹೆಚ್ಚಾಗಿ, ಎಂದಾದರೊಂದು ದಿನ ಪೊಲೀಸರು ಹಿಡಿದುಕೊಂಡು ಹೋದರೆ ಏನು ಗತಿಯೆಂಬ ಭಯ ಅವಳಿಗೆ. ಕ್ಯಾಮೆರಾವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಲೇ ಎಂದು ಕೇಳಿದಳು. ನಾವು ಬರುವ ವರೆಗೆ ತಾಳಬೇಕೆಂದು ಹೇಳಿದೆವು.

ವಾಚಕರೇ, ನಮ್ಮ ಭಾಗದಲ್ಲಿ ವಿಮಾನವೆಂಬದು ಬಹುಕಾಲ ನೋಡಿ ಸಂತೋಷಪಡುವ ವಸ್ತುವಾಗಿರಲಿಲ್ಲ. 1948ರ ಸಪ್ಟೆಂಬರ 13ರಿಂದ 17ರ ವರೆಗೆ ಹೈದರಾಬಾದ ಸಂಸ್ಥಾನದಲ್ಲಿ ಪೊಲೀಸ ಕಾರ್ಯಾಚರಣೆ ನಡೆದಾಗ ಆಕಾಶದಲ್ಲಿ ಸದ್ದಾದರೆ ಸಾಕು, ಹೆಂಗಸರು ಮಕ್ಕಳನ್ನು ಒಳಗೆಳೆದುಕೊಂಡು ಕದ ಹಾಕುತ್ತಿದ್ದರೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ಮುಂದೆ 2019ರ ನವೆಂಬರ 22ನೆಯ ಶುಕ್ರವಾರ ಕಲಬುರ್ಗಿಯ ವಿಮಾನನಿಲ್ದಾಣದ ಪ್ರಾರಂಭವಾಗಿ, ಬೆಂಗಳೂರಿನಿಂದ ಹೊರಟ ಸಣ್ಣದೊಂದು ಜೆಟ್ ವಿಮಾನವು ಶ್ರೀನಿವಾಸ ಸರಡಗಿಯ ಬಯಲಿನಲ್ಲಿ ಇಳಿಯಿತು. ನೆರೆಮನೆಯವರು ನೋಡಲಿಕ್ಕೆ ಹೋದರು, ನಮ್ಮನ್ನೂ ಕರೆದರು. ನಮಗೆ ಶಾಲೆಯಿತ್ತು, ಶಾಲೆಯಿಲ್ಲದಿದ್ದರೂ ಹೋಗುತ್ತಿದ್ದಿಲ್ಲ. ಶಹಾಬಾದದವರಿಗೆ ನೋಡತಕ್ಕ ಯಂತ್ರವೆಂದರೆ ರೈಲು. ಮುಂಬಯಿಯಿಂದ ಮದ್ರಾಸಿಗೆ ಹೋಗುವ ದಾರಿ ನಮ್ಮೂರನ್ನು ಹಾಯ್ದು ಹೋಗುವದು. ಸಮೀಪದಲ್ಲಿಯೇ ವಾಡಿ ಜಂಕ್ಷನ್ನು. ಅಲ್ಲಿಂದ ಸೇಡಮ್ಮು ತಾಂಡೂರುಗಳ ಮೇಲೆ ಸಿಕಂದರಾಬಾದಿನ ದಾರಿ ಒಡೆಯುವದು.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕಾಗಿದೆ. 1994ರಲ್ಲಿ ನಮ್ಮ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನು ಶಬ್ದರೂಪಗಳನ್ನು ಬರೆಯಬೇಕಾದ ವಹಿಯಲ್ಲಿ ರೈಲಿನ ಎಂಜಿನುಗಳ ಸಂಖ್ಯೆಗಳನ್ನು ಬರೆದುದು ಸಿಕ್ಕಿತು. ಪುಟಪುಟಕ್ಕೂ ತಾರೀಖು, ಹೊತ್ತು, ಎಂಜಿನಿನ ಸಂಖ್ಯೆ, ಯಾವ ಕಡೆಗೆ ಹೋಯಿತೆಂಬ ವಿವರ. ನಾವು ಅದನ್ನು ಎಲ್ಲರೆದುರಿಗೆ ಎತ್ತಿ ತೋರಿಸಿ, ನಗಿಸಿ, ಹರಿದುಹಾಕಿದೆವು. ಹುಡುಗನು ಅಳಲಿಲ್ಲ. ಚೂರುಗಳನ್ನು ಆಯ್ದುಕೊಂಡು ಹೋಗಿ ಕೂತನು. ರಾಮ ಶಬ್ದದ ತೃತೀಯಾ ದ್ವಿವಚನದಲ್ಲಿ ಅವನು ತಪ್ಪಿರಬಹುದು. ಆದರೆ ಆ ವಹಿಯಲ್ಲಿ ಒಂದಂಕಿಯನ್ನೂ ಹೊಡೆದು ತಿದ್ದಿರಲಿಲ್ಲ. ರಾತ್ರಿಯ ರೈಲಿನಲ್ಲಿ ಬೆಂಗಳೂರಿಗೆ ಹೋಗುವಾಗ ಆ ದುಂಡಕ್ಷರ ನಮಗೆ ಪದೇ ಪದೇ ನೆನಪಾಯಿತು.

ಮೊಮ್ಮಗನಿಗೆ ನಮ್ಮನ್ನು ಮುತ್ಯಾ ಎಂದು ಕರೆಯಲಿಕ್ಕೆ ಅವನ ತಾಯಿ ಕಲಿಸಿದ್ದಾಳೆ; ಬೆಂಗಳೂರಿನ ಗೆಳೆಯರು ನಕ್ಕರೂ ಬಿಟ್ಟಿಲ್ಲ. ಬುದ್ಧಿ ಹೇಳಲಿಕ್ಕೆ ಬಂದವರೆಂದು ಅವನಿಗೆ ಗೊತ್ತಿತ್ತು. ಆದರೂ, “ಮುತ್ಯಾ, ನಾಳೆ ರವಿವಾರ, ಒಂದು ಸಲ ಬಂದು ನೋಡಿ, ಆಮೇಲೆ ಬಯ್ಯಿರಿ” ಎಂದನು. ನ್ಯಾಯವಾದ ಮಾತು. ವಾದಿಯ ಮಾತು ಕೇಳಿ ಪ್ರತಿವಾದಿಯ ಮಾತು ಕೇಳದೆ ತೀರ್ಪು ಕೊಡುವ ಅಭ್ಯಾಸವನ್ನು ನಾವು ಒಂದು ಸಲ ಮಾಡಿ ಸಾಕಾಗಿತ್ತು.

ಬಸ್ಸಿನಲ್ಲಿ ವಹಿಯನ್ನು ತೊಡೆಯ ಮೇಲಿಟ್ಟುಕೊಂಡು ಪರೀಕ್ಷೆ ಮಾಡಿದೆವು. ವಿಮಾನಕ್ಕೆ ಮೈಮೇಲೆಯೇ ಅದರ ಹೆಸರು ಬರೆದಿರುತ್ತದೆ. ಭಾರತದ ವಿಮಾನಗಳೆಲ್ಲ ವಿ-ಟಿ ಎಂಬ ಅಕ್ಷರಗಳಿಂದ ಮೊದಲಾಗುವವು. ಬ್ರಿಟಿಷರ ಕಾಲದಲ್ಲಿ ಬಂದ ಗುರುತು ಅದು. ವೈಸರಾಯರ ಸೀಮೆ ಎಂದು ಬಿಡಿಸಿ ಹೇಳುವವರುಂಟು. ಆಸ್ಟ್ರೇಲಿಯಕ್ಕೆ ವಿ-ಎಚ್, ಪಾಕಿಸ್ತಾನಕ್ಕೆ ಎ-ಪಿ, ಶ್ರೀಲಂಕೆಗೆ 4-ಆರ್, ಜರ್ಮನಿಗೆ ಬರಿಯ ಡಿ. ನಮಗಿದು ಗೋತ್ರ ಹೇಳಿದಂತೆ ಕೇಳಿಸಿತು: ಮೊದಲು ದೇಶ, ಅನೇಕ ಸಲ ಮುಂದಿನ ಅಕ್ಷರದಲ್ಲಿ ಮನೆತನದ ಸುಳಿವು, ಕೊನೆಗೆ ಸ್ವಂತದ ಹೆಸರು. ವಿಮಾನವು ಮಾರಾಟವಾಗಿ ಬೇರೆ ದೇಶಕ್ಕೆ ಹೋದರೆ ಈ ಗೋತ್ರವೂ ಬದಲಾಗುವದು, ದತ್ತಕ ಹೋದವನ ಹಾಗೆ. ಹುಡುಗನು ಅಂಥವುಗಳ ಹಳೆಯ ಹೆಸರನ್ನೂ ಕಂಸದಲ್ಲಿ ಬರೆದಿದ್ದಾನೆ. ಕೇಳಿದ ಪ್ರಶ್ನೆಗಳಲ್ಲಿ ಒಂದಕ್ಕೂ ತಡವರಿಸಲಿಲ್ಲ. ರಸಾಯನಶಾಸ್ತ್ರದ ಪ್ರಶ್ನೆಯೊಂದನ್ನು ನಡುವೆ ಸೇರಿಸಿ ಕೇಳಿದೆವು, ಅಲ್ಲಿ ತಡವರಿಸಿದನು.

ದೇವನಹಳ್ಳಿಯ ಈ ನಿಲ್ದಾಣವು 2008ರ ಮೇ 24ರಂದು ಮೊದಲಾಯಿತು. ಕೆಂಪೇಗೌಡರ ಹೆಸರು ಬಂದುದು 2013ರಲ್ಲಿ. ಮೊದಲಿದ್ದ ರನ್‌ವೇ, ಎಂದರೆ ವಿಮಾನವು ಓಡಿ ಏರುವ ಹಾಸುದಾರಿ, ಒಂದೇ. 2019ರ ಡಿಸೆಂಬರದಲ್ಲಿ ಅದರ ತೆಂಕಣಕ್ಕೆ ಎರಡನೆಯದು ತೆರೆಯಿತು. ಒಂದೊಂದೂ 4 ಕಿಲೋಮೀಟರು ಉದ್ದ, ಪೂರ್ವಪಶ್ಚಿಮವಾಗಿ ಮಲಗಿವೆ. ಒಂದು ತುದಿಗೆ 09, ಇನ್ನೊಂದಕ್ಕೆ 27 ಎಂದು ಬರೆದಿದೆ. ಉತ್ತರದಿಂದ ಎಣಿಸಿದರೆ ಪೂರ್ವವು 90 ಅಂಶ, ಪಶ್ಚಿಮವು 270; ಕೊನೆಯ ಸೊನ್ನೆಯನ್ನು ಬಿಟ್ಟರೆ ಆ ಸಂಖ್ಯೆ. ವಿಮಾನವು ಗಾಳಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ಎದುರುಗಾಳಿಯಿದ್ದರೆ ನೆಲದ ಮೇಲಿನ ಓಟ ಕಡಿಮೆ ಸಾಕು. ಆದುದರಿಂದ ಮುಂಗಾರಿನ ಪಡುವಣ ಗಾಳಿಯಲ್ಲಿ ಮೂಡಣದಿಂದ ಬಂದು ಇಳಿಯುವವು. ಚಳಿಗಾಲದ ಮೂಡಣ ಗಾಳಿಗೆ ಪಡುವಣದಿಂದ. ಯಾವ ತಿಂಗಳು ಯಾವ ಕಡೆಗೆ ಬಸ್ಸು ಹಿಡಿಯಬೇಕೆಂಬದನ್ನು ಹುಡುಗನು ಗಾಳಿಯಿಂದ ತಿಳಿಯುತ್ತಾನೆ. ಒಕ್ಕಲಿಗನು ಕಾಳು ತೂರುವಾಗ ನಿಲ್ಲುವ ದಿಕ್ಕನ್ನು ಹೀಗೆಯೇ ಆರಿಸುತ್ತಾನಲ್ಲವೆ?

ಒಂದು ವಿಷಯದಲ್ಲಿ ಮಾತ್ರ ಶಿಷ್ಯನಿಗೆ ಗುರುವಿನಿಂದ ಸ್ವಲ್ಪ ಉಪಯೋಗವಾಯಿತು. ಚಿತ್ರ ತೆಗೆಯುವವನ ಬೆನ್ನಿಗೆ ಸೂರ್ಯನಿರಬೇಕು. ಚಳಿಗಾಲದಲ್ಲಿ ನಿಲ್ದಾಣದ ತೆಂಕಣ ಮಗ್ಗಲು ಒಳ್ಳೆಯದು, ಈಗ ಮಾತ್ರ ಬಡಗಣವೇ ಒಳ್ಳೆಯದು, ಅದೇಕೆಂದು ತಿಳಿಯದು ಎಂದು ಅವನು ಹೇಳಿದನು. ಕಾರಣ ಪಂಚಾಂಗದಲ್ಲಿದೆ. ಬೆಂಗಳೂರಿನ ಅಕ್ಷಾಂಶ 13. ಏಪ್ರಿಲದ ಕೊನೆಗೆ ಸೂರ್ಯನು ಅಲ್ಲಿಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದರೆ, ಮರಳಿ ದಾಟುವದು ಆಗಸ್ಟದ ನಡುವೆ. ಅಷ್ಟು ದಿನ ನಡುಹಗಲಿನ ನೆರಳು ತೆಂಕಣಕ್ಕೆ ಬೀಳುವದು. ನಮ್ಮ ಶಹಾಬಾದದಲ್ಲಿ ಇದೇ ಅವಧಿ ಮೇ ಎರಡನೆಯ ವಾರದಿಂದ ಆಗಸ್ಟದ ಮೊದಲ ವಾರದ ವರೆಗೆ. ಉತ್ತರಾಯಣ ದಕ್ಷಿಣಾಯನಗಳನ್ನು ನಾವು ಮೂವತ್ತು ವರ್ಷ ಪಾಠ ಹೇಳಿದೆವು. ಅವುಗಳಿಂದ ಗೋಡೆಯ ಯಾವ ಬದಿಗೆ ನಿಲ್ಲಬೇಕೆಂಬದು ತಿಳಿಯುವದೆಂದು ನಮಗೂ ಅಂದೇ ಹೊಳೆಯಿತು. ಅವನು ಕೂಡಲೆ ಬರೆದುಕೊಂಡನು.

ಹೀಗೆ ಬಡಗಣ ಮಗ್ಗಲಿನ ಹಳ್ಳಿಯ ರಸ್ತೆಯಲ್ಲಿ, ಹೊಲದ ಬದುವಿನ ಬಳಿ ನಿಂತೆವು. ಬೆಳಗಿನ ಏಳೂವರೆ. ಇನ್ನೂ ನಾಲ್ಕು ಹುಡುಗರು ನಮಗಿಂತ ಮೊದಲೇ ಬಂದು ಇನ್ನಷ್ಟು ಮುಂದೆ ನಿಂತಿದ್ದರು. ಚಿತ್ರದ ಮರ್ಮಗಳನ್ನು ಹುಡುಗನು ಹೇಳಿದನು. ಜೆಟ್ ವಿಮಾನವಾದರೆ ಕ್ಯಾಮೆರಾದ ಕಣ್ಣನ್ನು ಸೆಕೆಂಡಿನ ಸಾವಿರದಲ್ಲೊಂದು ಪಾಲು ತೆರೆದರೆ ಸಾಕು. ಹತ್ತಿರದ ಊರುಗಳಿಗೆ ಹೋಗುವ ಎಟಿಆರ್ ವಿಮಾನಕ್ಕೆ ತಿರುಗುವ ರೆಕ್ಕೆಗಳಿರುವದರಿಂದ ಅಷ್ಟು ಚುರುಕು ಮಾಡಿದರೆ ಕೆಟ್ಟು ನಿಂತ ಪಂಖದಂತೆ ಕಾಣುವದು. ಅದಕ್ಕೆ ಕಣ್ಣನ್ನು ಹೆಚ್ಚು ಹೊತ್ತು ತೆರೆದು, ವಿಮಾನದೊಡನೆಯೇ ಮೈಯನ್ನು ತಿರುಗಿಸಬೇಕು. ಬಿಸಿಲೇರಿದ ಮೇಲೆ ದೂರದ ಚಿತ್ರ ಸರಿಬಾರದು. ನಮ್ಮ ಕಲ್ಲಿನ ಗಣಿಗಳ ಮೇಲೆ ಬೇಸಗೆಯಲ್ಲಿ ಕುಣಿಯುವ ಮೃಗಜಲವೇ ರನ್‌ವೇಯ ಮೇಲೂ ಕುಣಿದು ವಿಮಾನದ ಗೆರೆಗಳನ್ನು ಕದಡುವದು.

ಕಾಯುವ ಹೊತ್ತಿನಲ್ಲಿ ಮುಂದಿನ ಹುಡುಗರಲ್ಲೊಬ್ಬನು ಬಂದು, ನಾವು ಸಂಸ್ಕೃತ ಓದಿದವರೆಂದು ತಿಳಿದು, ನಮ್ಮ ಪೂರ್ವಿಕರಿಗೆ ವಿಮಾನ ಕಟ್ಟುವ ಶಾಸ್ತ್ರ ಗೊತ್ತಿತ್ತೇ ಎಂದು ಕೇಳಿದನು. ಎಲ್ಲಿ ಹೋದರೂ ಈ ಪ್ರಶ್ನೆ ನಮ್ಮನ್ನು ಬಿಡದು. ವೈಮಾನಿಕ ಶಾಸ್ತ್ರವೆಂಬ ಗ್ರಂಥವನ್ನು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಪರೀಕ್ಷಿಸಿ, ಅದು ಇಪ್ಪತ್ತನೆಯ ಶತಮಾನದ್ದೆಂದೂ ಅದರಲ್ಲಿಯ ವಿಮಾನಗಳು ಹಾರಲಾರವೆಂದೂ 1974ರಲ್ಲಿಯೇ ಬರೆದಿದ್ದಾರೆ. ಆದರೆ ರಘುವಂಶದ ಹದಿಮೂರನೆಯ ಸರ್ಗವನ್ನು ಓದಲು ಹೇಳಿದೆವು. ರಾಮನು ಪುಷ್ಪಕದಲ್ಲಿ ಕುಳಿತು ಕೆಳಗಿನ ಸಮುದ್ರವನ್ನೂ ಅಡವಿಗಳನ್ನೂ ಸೀತೆಗೆ ತೋರಿಸುತ್ತ ಬರುವನು. ಸರ್ಗದ ಕೊನೆಯ ಭಾಗದಲ್ಲಿ ವಿಮಾನವು ಇಳಿಯುವಾಗ ಭರತನೊಡನೆ ಬಂದ ಪ್ರಜೆಗಳು ಬೆರಗಿನಿಂದ ತಲೆಯೆತ್ತಿ ಅದನ್ನು ನೋಡಿದರೆಂದು ಕಾಳಿದಾಸನು ಚುಟುಕಾಗಿ ಹೇಳಿ ಮುಂದೆ ನಡೆಯುತ್ತಾನೆ. ಸರ್ಗವೆಲ್ಲ ಒಳಗೆ ಕುಳಿತವರದು. ಕೆಳಗೆ ನಿಂತವರಿಗೆ ಅಷ್ಟೇ. ಇಷ್ಟು ವರ್ಷ ಓದಿಯೂ ಆ ನಿಂತವರ ಕಡೆಗೆ ನಮ್ಮ ಲಕ್ಷ್ಯ ಹೋಗಿರಲಿಲ್ಲ.

ಆ ದಿನ ಮೊಮ್ಮಗನು ಕಾಯುತ್ತಿದ್ದುದು ಸರಕು ಸಾಗಿಸುವ ಒಂದು ಬೋಯಿಂಗ್ 747ಕ್ಕಾಗಿ. ಮುಂದಲೆಯ ಮೇಲೆ ಗೂಳಿಯ ಹಿಣಿಲಿನಂಥ ಉಬ್ಬುಳ್ಳ, ನಾಲ್ಕು ಎಂಜಿನುಗಳ ಆ ವಿಮಾನವು ಮೊದಲು ಹಾರಿದ್ದು 1969ರ ಫೆಬ್ರುವರಿಯಲ್ಲಿ. 1,574 ಕಟ್ಟಿದರು, ಕೊನೆಯದನ್ನು 2023ರ ಜನವರಿಯಲ್ಲಿ ಕೊಟ್ಟು ಮುಗಿಸಿದರು. ಏರ್ ಇಂಡಿಯಾದ ಕೊನೆಯ 747, ವಿ-ಟಿ ಇ-ವಿ-ಎ, 2024ರ ಏಪ್ರಿಲ 22ರಂದು ಮುಂಬಯಿಯಿಂದ ಎದ್ದು, ರೆಕ್ಕೆಗಳನ್ನು ಅತ್ತ ಇತ್ತ ತೂಗಿ ವಂದಿಸಿ, ಬಿಚ್ಚಿಸಿಕೊಳ್ಳಲಿಕ್ಕೆಂದು ಪರದೇಶಕ್ಕೆ ಹೋಯಿತು. ಉಳಿದವು ಬಹುತರ ಸರಕಿನವು. ಅವೂ ಒಂದೊಂದಾಗಿ ಹೋಗುವವು. ಹುಡುಗನ ಆತುರ ಇಲ್ಲಿಂದ ಬಂದದ್ದು. ಇದನ್ನು ಬಲಪಡಿಸಲಿಕ್ಕೆ ಅವನು ಇನ್ನೊಬ್ಬರು ತೆಗೆದ ಚಿತ್ರವೊಂದನ್ನು ಫೋನಿನಲ್ಲಿ ತೋರಿಸಿದನು. ಆರು ಎಂಜಿನು, 32 ಗಾಲಿ, ತುದಿಯಿಂದ ತುದಿಗೆ 88 ಮೀಟರು ರೆಕ್ಕೆಯ ಆಂಟೊನೊವ್ 225. ಹಾರಿದ್ದು ಲೋಕದಲ್ಲಿ ಅದೊಂದೇ. 2016ರ ಮೇ 13ರಂದು ಆಸ್ಟ್ರೇಲಿಯಕ್ಕೆ ವಿದ್ಯುದ್ಯಂತ್ರವೊಂದನ್ನು ಒಯ್ಯುತ್ತ ಅದು ಹೈದರಾಬಾದಿನ ಶಂಷಾಬಾದ ನಿಲ್ದಾಣದಲ್ಲಿ ಇಳಿದು ಹೋಗಿತ್ತು. ಹೆಸರಿನಲ್ಲಿಯೇ ನಮ್ಮ ಶಹಾಬಾದದ ತಮ್ಮನಂತಿರುವ ಊರು. ರೈಲಿನಲ್ಲಿ ಕೆಲವು ತಾಸುಗಳ ದಾರಿ. ನಾವು ಆ ಸುದ್ದಿಯನ್ನೇ ಕೇಳಿದವರಲ್ಲ. 2022ರ ಫೆಬ್ರುವರಿಯಲ್ಲಿ ಉಕ್ರೇನಿನ ಯುದ್ಧದ ಮೊದಲ ದಿನಗಳಲ್ಲಿ ಹೊಸ್ಟೊಮೆಲ್ ಎಂಬಲ್ಲಿ, ನಿಂತ ಜಾಗದಲ್ಲಿಯೇ ಅದು ನಾಶವಾಯಿತು. “ಇನ್ನು ಯಾರೂ ತೆಗೆಯಲಾರರು, ಮುತ್ಯಾ” ಎಂದನು.

ಎಂಟೂವರೆಯ ಸುಮಾರಿಗೆ ಮೂಡಣದ ಮೋಡದಂಚಿನಲ್ಲಿ ದೀಪಗಳು ಕಂಡವು. ಹುಡುಗನು ಕ್ಯಾಮೆರಾವನ್ನು ಎತ್ತಿ ಹಿಡಿದನು. ಅದೇ ಹೊತ್ತಿಗೆ ಮೋಟಾರ ಸೈಕಲ್ಲಿನ ಸದ್ದಾಗಿ, ಕಾವಲಿನವರೊಬ್ಬರು ನಮ್ಮ ಹಿಂದೆ ಬಂದು ನಿಂತು, “ಯಜಮಾನ್ರೇ, ಇಲ್ಲೇನು ಮಾಡ್ತಿದ್ದೀರಿ?” ಎಂದರು. ನಾವು ಮುಖ ತಿರುಗಿಸುವದರೊಳಗೆ ಹುಡುಗನು ಕ್ಯಾಮೆರಾವನ್ನು ಎದೆಯ ಮೇಲೆ ಇಳಿಬಿಟ್ಟು, ಎರಡೂ ಕೈಗಳು ಕಾಣುವಂತೆ ನಿಂತಿದ್ದನು. ಯಾರಾದರೂ ಕೇಳಿದರೆ ಮೊದಲು ಕ್ಯಾಮೆರಾ ಇಳಿಸಬೇಕು, ಆಮೇಲೆ ಉತ್ತರ ಕೊಡಬೇಕು ಎಂಬದು ಅವನು ತಾನೇ ಹಾಕಿಕೊಂಡ ನಿಯಮವೆಂದು ಹಿಂದಿನಿಂದ ತಿಳಿಯಿತು. ನಾವು ನಿವೃತ್ತ ಶಾಲಾಮಾಸ್ತರರೆಂದೂ, ಇವನು ಮೊಮ್ಮಗನೆಂದೂ, ಇದು ಎಲ್ಲರೂ ನಡೆಯುವ ರಸ್ತೆಯೆಂದೂ ಹೇಳತೊಡಗಿದೆವು. ಮಾಸ್ತರರ ಮಾತು ಬೇಗ ಮುಗಿಯುವಂಥದಲ್ಲ. ನಾವು ಮೂರನೆಯ ವಾಕ್ಯದಲ್ಲಿದ್ದಾಗ ಆ ಮಹಾಕಾಯವು ಹೊಟ್ಟೆಯ ಕೆಳಗಿನ ಗಾಲಿಗಳನ್ನು ಇಳಿಬಿಟ್ಟುಕೊಂಡು, ನಿಧಾನವಾಗಿ ಬರುತ್ತಿದೆಯೋ ಎಂಬಂತೆ ಬಂದು, ನಮ್ಮ ಪಕ್ಕೆಲುಬುಗಳು ನಡುಗುವಂತೆ ಸದ್ದುಮಾಡಿ, ಗೋಡೆಯಾಚೆ ಮರೆಯಾಯಿತು. ಕಾವಲಿನವರೂ ಮಾತು ನಿಲ್ಲಿಸಿ ಅದನ್ನೇ ನೋಡಿದರು. ಹುಡುಗನು ಕೈಯೆತ್ತಲಿಲ್ಲ.

ಅವರು ಸಭ್ಯರು. ಗುರುತಿನ ಚೀಟಿಗಳನ್ನು ನೋಡಿ, ಮೇಲಿನವರು ಕೇಳುವರೆಂದೂ ಬೇರೆ ಕಡೆಗೆ ಹೋಗಬೇಕೆಂದೂ ಹೇಳಿ ಹೋದರು. ನಮಗೆ ಬಹಳ ಸಿಟ್ಟು ಬಂದಿತು. ಅರ್ಧ ಸಿಟ್ಟು ನಮ್ಮ ನಾಲಗೆಯ ಮೇಲೆಯೇ. ಹುಡುಗನು ಬದುವಿನ ಮೇಲೆ ಕೂತು ವಹಿ ತೆರೆದು ಬರೆದನು: ತಾರೀಖು, 8-34, ಬೋಯಿಂಗ್ 747, ಸರಕು. ನೋಡಿದೆವು. ಅಕ್ಷರ ಓದಲಿಲ್ಲ. ಚಿತ್ರವಿಲ್ಲ.

ಹಾರುವ ವಿಮಾನಗಳು ತಮ್ಮ ಗುರುತನ್ನೂ ನೆಲೆಯನ್ನೂ ರೇಡಿಯೋ ಮೂಲಕ ತಾವೇ ಸಾರುತ್ತಿರುತ್ತವೆ. ಅದನ್ನು ಹಿಡಿದು ಫೋನಿನ ನಕಾಶೆಯ ಮೇಲೆ ತೋರಿಸುವ ಏರ್ಪಾಡನ್ನು 2006ರಲ್ಲಿ ಸ್ವೀಡನ್ನಿನ ಇಬ್ಬರು ಇಂಥದೇ ಹವ್ಯಾಸಿಗಳು ಮೊದಲುಮಾಡಿದರಂತೆ. ಹಾಗಿದ್ದರೆ ಆ 747ರ ಹೆಸರನ್ನು ಫೋನು ನೋಡಿ ಬರೆದುಕೊಳ್ಳಬಹುದಲ್ಲ ಎಂದು ಕೇಳಿದೆವು. “ಫೋನು ಹೇಳಿದ್ದು ಬೇರೆ, ನಾನು ಓದಿದ್ದು ಬೇರೆ, ಮುತ್ಯಾ” ಎಂದನು. ಪ್ರತ್ಯಕ್ಷಪ್ರಮಾಣಕ್ಕೂ ಶಬ್ದಪ್ರಮಾಣಕ್ಕೂ ಇರುವ ಭೇದವನ್ನು ತಿಳಿಸಲಿಕ್ಕೆ ತರ್ಕಸಂಗ್ರಹದ ಎಷ್ಟು ದಿನಗಳನ್ನು ನಾವು ವೆಚ್ಚಮಾಡಿದ್ದೆವು! ಇನ್ನೊಂದನ್ನು ನಾವು ಹೇಳದೆ ನೋಡಿಕೊಂಡೆವು: ಬೇರೆಲ್ಲ ಪುಟಗಳಲ್ಲಿ ‘ನೋಡಿದೆ’ ಎಂದಿತ್ತು.

ಮಗಳ ಭಯವೇನೂ ಬರಿಯ ಕಲ್ಪನೆಯಲ್ಲ. 1937ರ ವಿಮಾನ ನಿಯಮಗಳಲ್ಲಿಯ 13ನೆಯದು, ಸರಕಾರಿ ವಿಮಾನನಿಲ್ದಾಣದಲ್ಲಾಗಲಿ ಹಾರುವ ವಿಮಾನದಿಂದಾಗಲಿ ಲಿಖಿತ ಅನುಮತಿಯಿಲ್ಲದೆ ಚಿತ್ರ ತೆಗೆಯಕೂಡದೆಂದು ವಿಧಿಸಿತು. ಪ್ರಯಾಣಿಕರ ಮಟ್ಟಿಗೆ ಆ ಕಟ್ಟು ಸಡಿಲಾಗಿದೆ. ಸುರಕ್ಷಿತತೆಗೆ ಬಾಧೆ ಬರದಂತೆ ವಿಮಾನದೊಳಗಿಂದ ತೆಗೆಯಬಹುದೆಂದು 2020ರಲ್ಲಿ ಅಧಿಕಾರಿಗಳೇ ಸ್ಪಷ್ಟಪಡಿಸಿದರು. ಹೊರಗೆ ನಿಂತವನ ಪಾಡು ಆಯಾ ಹೊತ್ತಿನ ಕಾವಲಿನವರ ವಿವೇಚನೆಗೆ ಸೇರಿದ್ದು. 2001ರ ನವೆಂಬರದಲ್ಲಿ ಗ್ರೀಸಿನ ಕಲಮಾಟಾದಲ್ಲಿ ಸೇನೆಯ ವಿಮಾನಗಳನ್ನು ನೋಡಲು ಹೋದ 12 ಬ್ರಿಟಿಷರನ್ನೂ ಇಬ್ಬರು ಡಚ್ಚರನ್ನೂ ಗೂಢಚಾರರೆಂದು ಹಿಡಿದರು, ಶಿಕ್ಷೆಯೂ ಆಯಿತು, ಮೇಲಿನ ನ್ಯಾಯಾಲಯದಲ್ಲಿ ಬಿಡುಗಡೆಯಾಗಲು ಒಂದು ವರ್ಷ ಹಿಡಿಯಿತು. 2010ರಲ್ಲಿ ದಿಲ್ಲಿಯಲ್ಲಿ ವಿಮಾನಗಳ ರೇಡಿಯೋ ಮಾತುಗಳನ್ನು ಕೇಳುತ್ತಿದ್ದ ಇಬ್ಬರು ಬ್ರಿಟಿಷ ಹವ್ಯಾಸಿಗಳು ಸಿಕ್ಕಿಬಿದ್ದು ದಂಡ ಕೊಟ್ಟರು. ವಿಚಿತ್ರವೆಂದರೆ ಈ ಹವ್ಯಾಸಕ್ಕೆ ನೀರೆರೆದದ್ದು ಒಂದು ಸರಕಾರವೇ. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲಂಡಿನ ವೀಕ್ಷಕದಳದಲ್ಲಿ ಸಾವಿರಾರು ಗೃಹಸ್ಥರು ಸ್ವಯಂಸೇವಕರಾಗಿ, ಬಂದ ವಿಮಾನ ತಮ್ಮದೋ ವೈರಿಯದೋ ಎಂದು ಅದರ ಆಕಾರದಿಂದ ಗುರುತಿಸಿ ಹೇಳುತ್ತಿದ್ದರು. 1941ರಲ್ಲಿ ಆ ವಿದ್ಯೆಗೆಂದೇ ಪತ್ರಿಕೆ ಹೊರಟಿತು. ಶಾಲೆಯ ಹುಡುಗರು ಅದನ್ನು ಬಾಯಿಪಾಠ ಮಾಡಿದರು. ಅಂದು ದೇಶಸೇವೆಯೆನಿಸಿದ ಕಣ್ಣು ಇಂದು ಸಂಶಯಕ್ಕೆ ಗುರಿ. ರೈಲನ್ನು ನೋಡಲು ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಚೀಟಿ ಸಾಕು. ಟೋಕಿಯೋದ ಹನೇಡಾದಲ್ಲಿ, ಸ್ವಿಜರ್ಲಂಡಿನ ಜೂರಿಚ್ಚಿನಲ್ಲಿ ವಿಮಾನ ನೋಡುವವರಿಗೆಂದೇ ಅಟ್ಟಗಳನ್ನು ಕಟ್ಟಿದ್ದಾರೆ. ನಮ್ಮಲ್ಲಿಯೂ ಅಂಥದೊಂದಿದ್ದರೆ ಹುಡುಗರು ಬದುವಿನ ಮೇಲೆ ನಿಲ್ಲುವದೂ ತಪ್ಪುವದು, ಕಾವಲಿನವರ ಓಡಾಟವೂ ತಪ್ಪುವದು ಎಂದು ನಮಗೆ ತೋರುತ್ತದೆ.

ಮನೆಗೆ ಬಂದು ಊಟವಾದ ಮೇಲೆ ಮಗಳು, “ಹೇಳಿದಿರಾ?” ಎಂದು ಕೇಳಿದಳು. ಕಪಾಟಿನ ಬೀಗ ಬೇಡವೆಂದೆವು. ಯಲಹಂಕ, ಬೀದರಗಳಂಥ ವಾಯುಸೇನೆಯ ನೆಲೆಗಳ ಹತ್ತಿರ ಕ್ಯಾಮೆರಾ ಹೊರಗೆ ತೆಗೆಯಕೂಡದು. ಗೋಡೆ, ಮರ ಹತ್ತಕೂಡದು. ತಿಂಗಳಿಗೆ ಎರಡು ರವಿವಾರ ಮಾತ್ರ. ಪರೀಕ್ಷೆಯ ತಿಂಗಳಲ್ಲಿ ಅದೂ ಇಲ್ಲ. ಹೋಗುವ ಮುನ್ನ ರಸಾಯನಶಾಸ್ತ್ರದ ಒಂದು ಪಾಠ ತಾಯಿಗೆ ಒಪ್ಪಿಸಬೇಕು. ಹುಡುಗನು ನಾಲ್ಕು ರವಿವಾರ ಕೇಳಿದನು, ಮಗಳು ಒಂದು ಎಂದಳು, ಎರಡಕ್ಕೆ ನಿಂತಿತು. ಮಗಳಿಗೆ ಪೂರ್ತಿ ಸಮಾಧಾನವಾಗಲಿಲ್ಲ. “ನಮ್ಮನ್ನು ಹೀಗೆ ಬಿಟ್ಟಿದ್ದಿರಾ ಅಪ್ಪಾ?” ಎಂದಳು. ಬಿಟ್ಟಿರಲಿಲ್ಲ.

ಊರಿಗೆ ಬಂದ ಮೇಲೆ ಒಂದು ಸಂಜೆ, ಮಳೆ ಬಿಡುವುಕೊಟ್ಟಾಗ, ಮಾಳಿಗೆಯ ಫರಸಿಯ ಮೇಲೆ ಚಾಪೆ ಹಾಸಿ ಕೂತಿದ್ದೆವು. ಮೋಡದ ಸಂದಿಯಲ್ಲಿ ತೆಂಕಣದಿಂದ ಬಡಗಣಕ್ಕೆ ಬಿಳಿಯ ಗೆರೆಯೊಂದು ಬೆಳೆಯುತ್ತ ಹೋಯಿತು. ಎಂಜಿನಿನಿಂದ ಹೊರಟ ನೀರಿನ ಆವಿಯು ಆ ಎತ್ತರದ ಕಡುಚಳಿಯಲ್ಲಿ ಮಂಜಿನ ಹರಳುಗಳಾಗಿ ನಿಲ್ಲುವದರಿಂದ ಅದು ಮೂಡುವದೆಂದು ಮೊಮ್ಮಗನು ಹೇಳಿದ್ದನು. ಹುಡುಗರಾಗಿದ್ದಾಗ ನಾವು ಅದನ್ನು ಹೊಗೆಯೆಂದು ತಿಳಿದಿದ್ದೆವು. ಕನ್ನಡಕ ಒರೆಸಿಕೊಂಡು ನೋಡಿದರೂ ಗೆರೆಯ ಮುಂದೆ ಬೆಳ್ಳಗಿನ ಒಂದು ಚುಕ್ಕೆಯ ಹೊರತು ಏನೂ ಕಾಣಲಿಲ್ಲ. ಕೈಗೆ ಸಿಕ್ಕಿದ್ದು ಪಂಚಾಂಗ. ಅದರ ಅಂಚಿನಲ್ಲಿ, ತಿಥಿಯ ಪಕ್ಕಕ್ಕೆ ಬರೆದೆವು: 6-10, ಬಡಗಣಕ್ಕೆ, ಬಹಳ ಎತ್ತರ. ಅಕ್ಷರ ಓದಲಿಲ್ಲ.